ಕಾಂಡ್ಲಾ ಗಿಡ ನೆಡಲು ದ್ವೀಪಕ್ಕೆ ಹೊರಟಿದ್ದೀರಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಉಷ್ಣವಲಯದ ಒಂದು ದ್ವೀಪಕ್ಕೆ ಕಡಲತೀರ ಉಳಿಸುವ ಕೆಲಸಕ್ಕೆಂದು ಎರಡು ವಾರ ಹೋಗಿ ಬಂದೆ. ವಾಪಸ್ ಬಂದು ಎರಡು ತಿಂಗಳಾದರೂ ಸಂಕಟ ಇಳಿದಿಲ್ಲ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹೀಗೆ ನಡೆಸುವವರು ಅವರೊಬ್ಬರೇ ಅಲ್ಲ. ಹೆಸರು ಹೇಳಿದರೆ ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಿ ಇದೇ ತಪ್ಪಿಗೆ ಕೈ ಹಾಕುತ್ತೀರಿ, ಅಷ್ಟೇ. ಯಾರು ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.

ಕೆಲಸ ಕಾಂಡ್ಲಾ ನೆಡುವುದು. ಮ್ಯಾಂಗ್ರೋವ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ರೈಜೋಫೊರಾ ಜಾತಿಯ ಕಾಯಿ ಮರದ ಮೇಲೆ ಇದ್ದಾಗಲೇ ಮೊಳೆತು, ಉದ್ದನೆಯ ಕೋಲಿನ ಹಾಗೆ ತೂಗಾಡುತ್ತಿರುತ್ತದೆ. ಅದನ್ನು ತಂದು ಕೆಸರಿಗೆ ಚುಚ್ಚಿದರೆ ನೆಟ್ಟ ಹಾಗೆ. ಗುದ್ದಲಿ ಬೇಡ, ಅನುಭವ ಬೇಡ. ಮೊದಲ ದಿನವೇ ನಮ್ಮ ತಂಡ ಸಾವಿರಕ್ಕೂ ಹೆಚ್ಚು ಚುಚ್ಚಿತು. ಸಾಲಾಗಿ, ನೇರವಾಗಿ, ಒಂದೇ ಜಾತಿ. ಸಂಜೆ ಫೋಟೊ ತೆಗೆದರು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಮೂರನೇ ದಿನ ನೀರು ತುಂಬಾ ಇಳಿದಿತ್ತು. ನಾವು ನೆಟ್ಟಿದ್ದಕ್ಕಿಂತ ಸ್ವಲ್ಪ ಆಚೆ, ಕೆಸರಲ್ಲಿ ನೂರಾರು ಕಪ್ಪು ಕಡ್ಡಿಗಳು ಕಂಡವು. ಹತ್ತಿರ ಹೋಗಿ ನೋಡಿದೆ. ಒಂದಕ್ಕೂ ಎಲೆ ಇಲ್ಲ, ಮೈತುಂಬಾ ಬಾರ್ನಕಲ್ ಚಿಪ್ಪುಗಳು ಅಂಟಿಕೊಂಡಿವೆ. ಅಲ್ಲೂ ಸಾಲುಗಳಿದ್ದವು, ನಮ್ಮವೇ ಅಂತರ. ಹಿಂದಿನ ವರ್ಷದ ತಂಡ ನೆಟ್ಟಿದ್ದವು ಅವು. ಅಲ್ಲೇ ಒಬ್ಬ ಅಜ್ಜಿ ಕಪ್ಪೆಚಿಪ್ಪು ಆರಿಸುತ್ತಿದ್ದರು. ಊರಿನ ಹುಡುಗನೊಬ್ಬನಿಂದ ಕೇಳಿಸಿದೆ. ಅಜ್ಜಿ ಹೇಳಿದ್ದು ಇಷ್ಟು: "ಇಲ್ಲಿ ಯಾವತ್ತೂ ಮರ ಇರಲಿಲ್ಲ. ಇಲ್ಲಿ ಇದ್ದದ್ದು ಹುಲ್ಲು. ನೀವು ಬರುವುದಕ್ಕಿಂತ ಮೊದಲು ಚಿಪ್ಪು ಜಾಸ್ತಿ ಸಿಗುತ್ತಿತ್ತು."

ಆ ರಾತ್ರಿ ಕೂತು ಓದಿದೆ. ಹೋಗುವ ಮೊದಲೇ ಓದಬೇಕಿತ್ತು. ಕಾಂಡ್ಲಾ ಉಪ್ಪುನೀರಿನ ಗಿಡ ಹೌದು, ಆದರೆ ಯಾವಾಗಲೂ ಮುಳುಗಿದ್ದರೆ ಸಾಯುತ್ತದೆ. ಸಾಮಾನ್ಯವಾಗಿ ಅದು ಬೆಳೆಯುವುದು ಸರಾಸರಿ ಸಮುದ್ರ ಮಟ್ಟಕ್ಕಿಂತ ಮೇಲೆ, ದೊಡ್ಡ ಉಬ್ಬರದ ನೀರು ಮುಟ್ಟುವ ಗೆರೆಯ ಒಳಗೆ. ಬೇರಿಗೆ ದಿನದಲ್ಲಿ ಸಾಕಷ್ಟು ಹೊತ್ತು ಗಾಳಿ ಸಿಗಬೇಕು. ನಮ್ಮನ್ನು ಇಳಿಸಿದ ಜಾಗ ಅದಕ್ಕಿಂತ ಕೆಳಗಿತ್ತು, ಕಡಲಹುಲ್ಲಿನ ಬಯಲಿನ ಮೇಲೆ. ಅಂದರೆ ಬದುಕಿರುವ ಒಂದು ನೆಲೆಯನ್ನು ತುಳಿದು, ಅದರ ಮೇಲೆ ಸಾಯುವ ಗಿಡ ನೆಟ್ಟು ಬಂದೆವು. ಇದಕ್ಕೆ ನಾವೇ ದುಡ್ಡು ಕೊಟ್ಟಿದ್ದೆವು.

ಅಲ್ಲೇ ಯಾಕೆ ನೆಡುತ್ತಾರೆ ಅನ್ನುವುದು ಮುಖ್ಯ. ಕಾಂಡ್ಲಾ ನಿಜವಾಗಿ ಇದ್ದ ಜಾಗ ದಡದ ಕಡೆಗಿದೆ, ಅಲ್ಲೀಗ ಸಿಗಡಿ ಹೊಂಡ, ಕಟ್ಟಡ, ರಸ್ತೆ. ಅದಕ್ಕೆಲ್ಲ ಮಾಲೀಕರಿದ್ದಾರೆ. ಅವರ ಜೊತೆ ಮಾತಾಡಬೇಕು, ಕಾಗದ ಮಾಡಬೇಕು, ವರ್ಷಗಳು ಹಿಡಿಯುತ್ತವೆ. ನೀರಿನಾಚೆಯ ಕೆಸರಿಗೆ ಬೇಡ ಅನ್ನುವವರು ಯಾರೂ ಇಲ್ಲ. ಚಿಪ್ಪು ಆರಿಸುವ ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಇದು ಒಂದು ದ್ವೀಪದ ಕಥೆಯಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಕಾಂಡ್ಲಾ ನೆಟ್ಟರು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉಳಿದದ್ದು ಹೆಚ್ಚೂಕಮ್ಮಿ ಐದರಲ್ಲಿ ಒಂದು ಭಾಗ. ಫಿಲಿಪ್ಪೀನ್ಸ್‌ನಲ್ಲೂ ಇದೇ ತಪ್ಪು, ಕಡಲಿಗೆ ಎದುರಾದ ಕೆಸರಿನಲ್ಲಿ ರೈಜೋಫೊರಾ. ಅಲೆ ಬಡಿಯುವ ಅಂಚಿನಲ್ಲಿ ಸಹಜವಾಗಿ ನಿಲ್ಲುವುದು ಅವಿಸೆನಿಯಾ, ಸೊನೆರೇಶಿಯಾದಂಥ ಬೇರೆ ಜಾತಿಗಳು. ಆದರೆ ಅವುಗಳ ಸಸಿ ಮಾಡುವುದಕ್ಕೆ ನರ್ಸರಿಯಲ್ಲಿ ತಿಂಗಳುಗಟ್ಟಲೆ ದುಡಿಯಬೇಕು, ಎರಡು ವಾರದ ಅತಿಥಿಗಳಿಗೆ ಅದು ಹೊಂದುವುದಿಲ್ಲ.

ಇನ್ನೂ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ನಾವು ಚುಚ್ಚಿದ ಕಾಯಿಗಳೆಲ್ಲ ದ್ವೀಪದ ಇನ್ನೊಂದು ಬದಿಯ ಚೆನ್ನಾಗಿದ್ದ ಕಾಡಿನಿಂದ ಕಿತ್ತು ತಂದವು. ಅಲ್ಲೇ ಬಿಟ್ಟಿದ್ದರೆ ಉದುರಿ, ತೇಲಿ, ತಮಗೆ ಹಿಡಿಸಿದ ಜಾಗದಲ್ಲಿ ಬೇರೂರುತ್ತಿದ್ದವು. ಅಮೆರಿಕದ ಫ್ಲೋರಿಡಾದಲ್ಲಿ ರಾಬಿನ್ ಲೂಯಿಸ್ ಅನ್ನುವ ವಿಜ್ಞಾನಿ ವೆಸ್ಟ್ ಲೇಕ್‌ನಲ್ಲಿ ಇದನ್ನೇ ಮಾಡಿ ತೋರಿಸಿದರು. ಕಾಂಡ್ಲಾ ನೆಡಲಿಲ್ಲ. ನೆಲದ ಎತ್ತರ ಸರಿ ಮಾಡಿ, ಉಬ್ಬರದ ನೀರು ಬಂದು ಹೋಗಲು ದಾರಿ ಬಿಡಿಸಿದರು, ಬೀಜ ತಾನೇ ಬಂತು.

ಚಪ್ಪಲಿ, ಬೂಟಿನ ಮಾತಿಗೆ ಬರುತ್ತೇನೆ. ನಮ್ಮ ಬೂಟನ್ನು ಯಾರೂ ಒಂದು ಸಲವೂ ನೋಡಲಿಲ್ಲ. ಇಲ್ಲಿನ ಮಣ್ಣು ಮೆತ್ತಿದ ಬೂಟಿನಲ್ಲೇ ಅಲ್ಲಿನ ಕಾಡಿಗೆ ಕಾಲಿಟ್ಟೆ. ದ್ವೀಪದ ಗಿಡಗಳಿಗೆ ಹೊರಗಿನ ಕಳೆ, ರೋಗಗಳ ವಿರುದ್ಧ ತಡೆ ಕಡಿಮೆ. ಹವಾಯಿಯಲ್ಲಿ ಓಹಿಯಾ ಅನ್ನುವ ಮರಗಳನ್ನು ಒಂದು ಶಿಲೀಂಧ್ರ ಕೊಲ್ಲುತ್ತಿದೆ, ಅಲ್ಲಿ ಕಾಡಿಗೆ ಹೋಗುವವರಿಗೆ ಬೂಟಿನ ಮಣ್ಣು ಉಜ್ಜಿ ತೆಗೆದು ಶೇ. 70ರ ಆಲ್ಕೋಹಾಲ್ ಸಿಂಪಡಿಸಿಕೊಳ್ಳಲು ಹೇಳುತ್ತಾರೆ. ನಿಮ್ಮನ್ನು ಕರೆಯುವವರು ಬೂಟಿನ ಬಗ್ಗೆ ಕೇಳದಿದ್ದರೆ ಅಲ್ಲಿಗೇ ಅನುಮಾನ ಪಡಿ.

ಅದೇ ಹವಾಯಿಯಲ್ಲಿ ಕಾಂಡ್ಲಾ ಸ್ಥಳೀಯ ಗಿಡವೇ ಅಲ್ಲ ಅಂತ ನನಗೆ ಗೊತ್ತಿರಲಿಲ್ಲ. 1902ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಕೆಸರು ತಡೆಯಲು ಹೊರಗಿಂದ ತಂದು ನೆಟ್ಟಿದ್ದು. ಹಳೆಯ ಮೀನುಕೊಳಗಳ ಕಲ್ಲುಗೋಡೆಗಳ ಒಳಗೆ ಬೇರು ಇಳಿಸಿತು, ನೀರುಹಕ್ಕಿಗಳ ಜಾಗ ಮುಚ್ಚಿತು. ಈಗ ಅಲ್ಲಿನ ಸ್ವಯಂಸೇವಕರು ಅದನ್ನು ಕಿತ್ತು ತೆಗೆಯುತ್ತಾರೆ. ಒಂದು ದ್ವೀಪದಲ್ಲಿ ಉಳಿಸಬೇಕಾದ ಗಿಡ ಇನ್ನೊಂದರಲ್ಲಿ ಕಳೆ. "ಗಿಡ ನೆಟ್ಟರೆ ಒಳ್ಳೆಯದೇ ಅಲ್ವಾ" ಅಂತ ಸುಮ್ನೆ ಹೊರಡಬೇಡಿ. ಮರಳಿನ ದಂಡೆಯಲ್ಲಿ ಗಾಳಿಮರ ನೆಡಿಸುವವರೂ ಇದ್ದಾರೆ. ಗಾಳಿಮರದ ಬೇರು, ಬಿದ್ದ ಕಸ ಹೆಚ್ಚಾದರೆ ಆಮೆಗಳಿಗೆ ಗೂಡು ತೋಡಲು ಕಷ್ಟ.

ದುಡ್ಡು ಕಟ್ಟುವ ಮೊದಲು ಕೇಳಿ. ಈ ಜಾಗದಲ್ಲಿ ಮೊದಲು ಏನಿತ್ತು, ಅದು ಯಾಕೆ ಹೋಯಿತು? ಹೋದ ಕಾರಣ ಹಾಗೇ ಇದ್ದರೆ ಹೊಸ ಗಿಡವೂ ಹೋಗುತ್ತದೆ. ಮೂರು ವರ್ಷದ ಹಿಂದೆ ನೆಟ್ಟಿದ್ದರಲ್ಲಿ ಎಷ್ಟು ಉಳಿದಿದೆ, ಅದೇ ಜಾಗದ ಇವತ್ತಿನ ಫೋಟೊ ತೋರಿಸುತ್ತೀರಾ? ಜಾಗ ಯಾರದು, ಅಲ್ಲಿ ಮೀನು ಹಿಡಿಯುವವರು ಒಪ್ಪಿದ್ದಾರಾ? ನಾವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಕೆಲವು ದೇಶಗಳಲ್ಲಿ ಅನುಮತಿ ಇಲ್ಲ, ಅದನ್ನೂ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಸರಿಯಾದ ಕೆಲಸ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ನನ್ನ ಗೆಳತಿ ಇನ್ನೊಂದು ದ್ವೀಪದಲ್ಲಿ ಹತ್ತು ದಿನ ಬರೀ ಕಳೆ ಕಿತ್ತಳು, ಒಂದು ಗಿಡವನ್ನೂ ನೆಡಲಿಲ್ಲ. ಬೆನ್ನು ನೋವು, ಸೊಳ್ಳೆ, ತೋರಿಸಲು ಒಂದು ಒಳ್ಳೆಯ ಫೋಟೊ ಇಲ್ಲ. ಆದರೆ ಹಿಂದಿನ ವರ್ಷ ಕಳೆ ತೆಗೆದ ಪಟ್ಟಿಯಲ್ಲಿ ಅಲ್ಲಿನದೇ ಸಸಿಗಳು ಮೊಣಕಾಲೆತ್ತರ ಎದ್ದಿದ್ದನ್ನು ಕರೆದುಕೊಂಡು ಹೋಗಿ ತೋರಿಸಿದರಂತೆ.

ನಾವು ನೆಟ್ಟ ಸಾಲುಗಳು ಈಗ ಹೇಗಿವೆ, ಒಂದು ಫೋಟೊ ಕಳಿಸಿ ಅಂತ ಸಂಸ್ಥೆಗೆ ಮೂರು ಸಲ ಬರೆದೆ. ಉತ್ತರ ಬಂದಿಲ್ಲ. ಮುಂದಿನ ತಂಡಕ್ಕೆ ನೋಂದಣಿ ಶುರುವಾಗಿದೆ ಎಂಬ ಸಂದೇಶ ಮಾತ್ರ ಮೊನ್ನೆ ಬಂತು, ಅದರ ಮೇಲೆ ನಮ್ಮ ಮೊದಲ ದಿನದ ಸಂಜೆಯ ಫೋಟೊ ಇತ್ತು.