ಇಂಡೆಂಟೇಷನ್ ಹೊಂದಿಸುವುದರಲ್ಲಿ ವಿಮ್, ಇಮ್ಯಾಕ್ಸ್ ಮತ್ತು ವಿಎಸ್ ಕೋಡ್

ತುಮಕೂರಿನ ಎಸ್.ಎಸ್. ಪುರಂನಲ್ಲಿ ಸಂಜೆ ವೇಳೆ ಸಿ ಮತ್ತು ಪೈಥಾನ್ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ಯಾವ ಎಡಿಟರ್ (ಕೋಡ್ ಬರೆಯುವ ತಂತ್ರಾಂಶ) ಹೇಳಿಕೊಡಬೇಕೆಂದು ತೀರ್ಮಾನಿಸುವುದಕ್ಕಾಗಿ, ವಿಮ್, ಇಮ್ಯಾಕ್ಸ್ ಮತ್ತು ವಿಎಸ್ ಕೋಡ್ ಮೂರರಲ್ಲೂ ಒಂದೇ ಸಿ ಪ್ರೋಗ್ರಾಮನ್ನು ಬರೆದು, ತಿದ್ದಿ ನೋಡಿದೆ. ಗುಬ್ಬಿ, ಶಿರಾ ಕಡೆಯಿಂದ ಬರುವ ಹಲವರ ಬಳಿ ಇರುವುದು ಹಳೆಯ ಲ್ಯಾಪ್‌ಟಾಪ್ ಆದ್ದರಿಂದ ವೇಗವೂ ಮುಖ್ಯವೇ. ಆದರೆ ನಾನಿಲ್ಲಿ ತೂಗಿ ನೋಡುತ್ತಿರುವುದು ಇಂಡೆಂಟೇಷನ್ (ಕೋಡಿನ ಸಾಲುಗಳನ್ನು ಎಡ ಅಂಚಿನಿಂದ ಒಳಗೆ ಸರಿಸುವುದು) ಹೊಂದಿಸುವ ರೀತಿಯನ್ನು ಮಾತ್ರ.

ವಿಎಸ್ ಕೋಡ್ ಕೇಳುವುದು ಎರಡೇ ಪ್ರಶ್ನೆ: ಟ್ಯಾಬ್ ಬೇಕೋ ಸ್ಪೇಸ್ ಬೇಕೋ, ಅಗಲ ಎಷ್ಟಿರಬೇಕು. ಮೊದಲೇ 4 ಸ್ಪೇಸ್ ಎಂದು ಹೊಂದಿಸಿರುತ್ತದೆ, ಕೆಳಗಿನ ಪಟ್ಟಿಯಲ್ಲಿ ಅದು ಕಾಣುತ್ತಲೇ ಇರುತ್ತದೆ, ಅಲ್ಲಿಯೇ ಒತ್ತಿ ಬದಲಿಸಬಹುದು. ಹೊಸಬರಿಗೆ ಇದಕ್ಕಿಂತ ಸುಲಭವಾದದ್ದು ನನಗೆ ಕಾಣಲಿಲ್ಲ. ಕಡತವನ್ನು ತೆರೆದೊಡನೆ ಅದರ ಒಳಗಿನ ಇಂಡೆಂಟೇಷನ್ನನ್ನು ತಾನೇ ಊಹಿಸಿ, ನಾವು ಕೊಟ್ಟ ಅಗಲವನ್ನು ಬದಿಗಿಡುವ ಒಂದು ಗುಣವೂ ಇದಕ್ಕಿದೆ. ಇನ್ನೊಬ್ಬರ ಕೋಡ್ ತಿದ್ದುವಾಗ ಅದು ಉಪಕಾರಿ. ಆದರೆ ತಾನು ಹೊಂದಿಸಿದ್ದು ಏಕೆ ನಡೆಯುತ್ತಿಲ್ಲ ಎಂದು ಗೊಂದಲಗೊಳ್ಳುವ ವಿದ್ಯಾರ್ಥಿಗೆ ಇದನ್ನು ಮುಂಚಿತವಾಗಿಯೇ ತಿಳಿಸಬೇಕು.

ವಿಮ್ ಇದೇ ವಿಷಯವನ್ನು ಬಿಡಿಸಿ ಇಡುತ್ತದೆ. ಟ್ಯಾಬ್ ಅಕ್ಷರ ಪರದೆಯ ಮೇಲೆ ಎಷ್ಟು ಅಗಲ ಕಾಣಬೇಕೆಂಬುದನ್ನು ಟ್ಯಾಬ್‌ಸ್ಟಾಪ್ ಹೇಳುತ್ತದೆ, ಒಂದು ಹಂತ ಎಷ್ಟು ಒಳಗೆ ಸರಿಯಬೇಕೆಂಬುದನ್ನು ಶಿಫ್ಟ್‌ವಿಡ್ತ್ ಹೇಳುತ್ತದೆ, ಟ್ಯಾಬ್ ಬದಲು ಸ್ಪೇಸ್ ಸೇರಬೇಕೆ ಎಂಬುದನ್ನು ಎಕ್ಸ್‌ಪ್ಯಾಂಡ್‌ಟ್ಯಾಬ್ ನಿರ್ಧರಿಸುತ್ತದೆ. ಮೊದಲೆರಡೂ ಆರಂಭದಲ್ಲಿ 8 ಇರುತ್ತವೆ. ಕಾಣುವುದು ಬೇರೆ, ಕಡತದಲ್ಲಿ ಇರುವುದು ಬೇರೆ ಎಂಬ ಅರಿವು ಇಲ್ಲಿ ಮೂಡಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಮೂಡುವುದಿಲ್ಲವಾದ್ದರಿಂದ, ಕಲಿಸುವವನಾಗಿ ನಾನು ಇದನ್ನು ಬಹಳ ಮೆಚ್ಚುತ್ತೇನೆ.

ಆ ಅರಿವು ಏಕೆ ಬೇಕೆಂಬುದು ಇಮ್ಯಾಕ್ಸ್‌ಗೆ ಬಂದಾಗ ತಿಳಿಯುತ್ತದೆ. ಸಿ ಭಾಷೆಗೆ ಅದು ಆರಂಭದಲ್ಲಿ ಆರಿಸುವುದು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಕೋಡ್ ಬರೆಯುವ ಶೈಲಿಯನ್ನು. ಹಂತಕ್ಕೆ 2 ಅಂಕಣ, ಮತ್ತು ಎಡಗಡೆ 8 ಅಂಕಣ ತುಂಬಿದಲ್ಲಿ ಒಂದು ಟ್ಯಾಬ್. ಹೀಗೆ ಟ್ಯಾಬ್ ಮತ್ತು ಸ್ಪೇಸ್ ಎರಡೂ ಬೆರೆತ ಕಡತವನ್ನು ಟ್ಯಾಬ್ ಅಗಲ 4 ಇರುವ ವಿಎಸ್ ಕೋಡ್‌ನಲ್ಲಿ ತೆರೆದರೆ, ಒಳಗಿರಬೇಕಾದ ಸಾಲುಗಳು ಹೊರಗೆ ಬಂದು ನಿಂತು, ಯಾವ ಸಾಲು ಯಾವ ಲೂಪಿಗೆ ಸೇರಿದ್ದೆಂದು ತಿಳಿಯದಂತಾಗುತ್ತದೆ. ಸಿ ಕಂಪೈಲರಿಗೆ ಇದರಿಂದ ತೊಂದರೆಯಿಲ್ಲ, ಓದುವವರಿಗಿದೆ. ಪೈಥಾನ್ 3 ಆದರೋ, ಅರ್ಥವೇ ಟ್ಯಾಬ್ ಅಗಲವನ್ನು ಅವಲಂಬಿಸುವಂತೆ ಎರಡನ್ನೂ ಬೆರೆಸಿದ ಪ್ರೋಗ್ರಾಮನ್ನು ಓಡಿಸಲು ನಿರಾಕರಿಸುತ್ತದೆ.

ಹಾಗಿದ್ದರೂ ಸಿ ಬರೆಯುವುದಕ್ಕೆ ನನ್ನ ಮೊದಲ ಆಯ್ಕೆ ಇಮ್ಯಾಕ್ಸ್. ಇಂಡೆಂಟೇಷನ್ ಎಂದರೆ ಅಗಲವಷ್ಟೇ ಅಲ್ಲ. ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್ ಒಳಗಿನ ಕೇಸ್ (ಒಂದೊಂದು ದಾರಿ) ಎಲ್ಲಿ ನಿಲ್ಲಬೇಕು, ಮುರಿದ ಸಾಲಿನ ಮುಂದುವರಿಕೆ ಯಾವುದರ ಕೆಳಗೆ ಬರಬೇಕು ಎಂಬುದೆಲ್ಲ ಅದರಲ್ಲಿ ಸೇರಿದೆ. ಕಂಟ್ರೋಲ್-ಸಿ, ಕಂಟ್ರೋಲ್-ಎಸ್ ಒತ್ತಿದರೆ ಕರ್ಸರ್ ಇರುವ ಸಾಲನ್ನು ತಾನು ಏನೆಂದು ಅರ್ಥಮಾಡಿಕೊಂಡಿದ್ದೇನೆಂದು ಇಮ್ಯಾಕ್ಸ್ ಹೇಳುತ್ತದೆ. ಕಂಟ್ರೋಲ್-ಸಿ, ಕಂಟ್ರೋಲ್-ಓ ಒತ್ತಿ ಅಂತಹ ಸಾಲುಗಳಿಗೆ ಮಾತ್ರ ಬೇರೆ ಅಳತೆ ಕೊಡಬಹುದು. ಲಿನಕ್ಸ್ ಕರ್ನಲ್ ಶೈಲಿ ಬೇಕಾದರೆ ಅದು ಹೆಸರಿನಿಂದಲೇ ಸಿಗುತ್ತದೆ. ವಿಮ್‌ನಲ್ಲಿ ಇದಕ್ಕೆ ಸಿನ್‌ಆಪ್ಷನ್ಸ್ ಎಂಬ ಆಯ್ಕೆ ಇದೆ. ಅಲ್ಲಿ ಕೇಸ್ ಒಂದು ಹಂತ ಒಳಗೆ ಹೋಗುವುದು ರೂಢಿ, ಅದನ್ನು ಸ್ವಿಚ್‌ನ ನೇರಕ್ಕೆ ತರಲು ಕೋಲನ್ ಮತ್ತು ಸೊನ್ನೆ ಸೇರಿಸಬೇಕು. ಶಕ್ತಿಯಲ್ಲಿ ಕಡಿಮೆಯಿಲ್ಲ, ಆದರೆ ಆ ಸಂಕೇತಗಳನ್ನು ಪ್ರತಿ ಬಾರಿ ಕೈಪಿಡಿ ತೆರೆದೇ ನೋಡಬೇಕಾಗುತ್ತದೆ. ವಿಎಸ್ ಕೋಡ್‌ನಲ್ಲಿ ಇಷ್ಟು ಸೂಕ್ಷ್ಮಕ್ಕೆ ಇಳಿಯಲು ಕ್ಲ್ಯಾಂಗ್-ಫಾರ್ಮ್ಯಾಟ್ ಎಂಬ, ಕೋಡಿನ ಜೋಡಣೆ ಸರಿಪಡಿಸುವ ಸಾಧನ ಬೇಕು.

ಆದ್ದರಿಂದ ಹೊಸಬರಿಗೆ ವಿಎಸ್ ಕೋಡ್, ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಹಗುರವಾದ ವಿಮ್, ಸಿ ಭಾಷೆಯಲ್ಲಿ ಆಳವಾಗಿ ತೊಡಗಿದವರಿಗೆ ಇಮ್ಯಾಕ್ಸ್ ಎಂದು ಹೇಳುತ್ತಿದ್ದೇನೆ. ಮೂರೂ ಒಂದೇ ಪ್ರಾಜೆಕ್ಟಿನಲ್ಲಿ ಸೇರುವಾಗ ಎಲ್ಲ ಎಡಿಟರ್‌ಗಳಿಗೂ ಒಂದೇ ಇಂಡೆಂಟೇಷನ್ ನಿಯಮ ತಿಳಿಸುವ ಎಡಿಟರ್‌ಕಾನ್ಫಿಗ್ ಕಡತವನ್ನು ಮೂಲ ಫೋಲ್ಡರಿನಲ್ಲಿಯೇ ಇರಿಸಬೇಕು. ಇತ್ತೀಚಿನ ವಿಮ್ ಮತ್ತು ಇಮ್ಯಾಕ್ಸ್ ಆವೃತ್ತಿಗಳ ಜೊತೆಗೆ ಅದಕ್ಕೆ ಬೇಕಾದ ಪ್ಯಾಕೇಜ್ ಬರುತ್ತದೆ, ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಅದರಲ್ಲಿ ಪೈಥಾನಿಗೆ 4 ಸ್ಪೇಸ್ ಎಂದು ಬರೆದು, ಮೇಕ್‌ಫೈಲ್‌ಗೆ (ಪ್ರೋಗ್ರಾಮ್ ಕಟ್ಟುವ ಆಜ್ಞೆಗಳಿರುವ, ಮೇಕ್ ಎಂಬ ಸಾಧನ ಓದುವ ಕಡತ) ಮಾತ್ರ ಟ್ಯಾಬ್ ಎಂದು ಪ್ರತ್ಯೇಕವಾಗಿ ಸೂಚಿಸಬೇಕು. ಏಕೆಂದರೆ ಅಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದ ಆರಂಭವಾಗದೆ ಸ್ಪೇಸ್‌ಗಳಿಂದ ಆರಂಭವಾದರೆ ಗ್ನೂ ಮೇಕ್ ದೋಷ ತೋರಿಸಿ ನಿಂತುಬಿಡುತ್ತದೆ.