ಕಾರ್ ಸಮೇತ ರೈಲು ಹತ್ತಿ ಆಲ್ಪ್ಸ್ ದಾಟೋದು: ಲೋಚ್‌ಬರ್ಗ್ ಕಾರ್ ಟ್ರೇನ್ ರಿವ್ಯೂ

ಸಮ್ಮರ್‌ನಲ್ಲಿ ಸ್ವಿಟ್ಜರ್ಲೆಂಡ್ ರೋಡ್ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ, ಅದ್ರಲ್ಲೂ ವಯಸ್ಸಾದ ಅಪ್ಪ ಅಮ್ಮನ್ನೋ ಸಣ್ಣ ಮಕ್ಕಳನ್ನೋ ಕರ್ಕೊಂಡು ಹೊರಟೋರಿಗೆ, ಕಾಂಡರ್‌ಸ್ಟೆಗ್‌ನಿಂದ ಗೊಪ್ಪೆನ್‌ಸ್ಟೈನ್‌ಗೆ ಹೋಗೋ ಕಾರ್ ಟ್ರೇನನ್ನ ಮಾತ್ರ ಮಿಸ್ ಮಾಡ್ಬೇಡಿ ಅಂತ ಹೇಳ್ತೀನಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಈ ದೇಶದ ಬಗ್ಗೆ ಬರೆಯೋರೆಲ್ಲ ಯುಂಗ್‌ಫ್ರೌ, ಟಿಟ್ಲಿಸ್ ಅಂತ ಮೇಲೆ ಹತ್ತೋ ರೈಲು, ಕೇಬಲ್ ಕಾರ್ ಬಗ್ಗೆನೇ ಬರೀತಾರೆ, ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಆಚೆ ಬದಿಗೆ ಬಿಡೋ ಈ ಸರ್ವೀಸ್ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನನಗೆ ಸಿಗ್ಲಿಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಮ್ಯಾಪ್ ತೆಗೆದು ನೋಡಿ. ಉತ್ತರಕ್ಕೆ ಬ್ರೀಂಜ್, ತೂನ್ ಅನ್ನೋ ಎರಡು ದೊಡ್ಡ ಸರೋವರ, ದಕ್ಷಿಣಕ್ಕೆ ರೋನ್ ನದಿಯ ಕಣಿವೆ, ಮಧ್ಯದಲ್ಲಿ 4000 ಮೀಟರ್ ದಾಟೋ ಶಿಖರಗಳ ಸಾಲು. ಈ ಸಾಲನ್ನ ನೇರವಾಗಿ ದಾಟೋ ರಸ್ತೆನೇ ಇಲ್ಲ. ಪೂರ್ವಕ್ಕೆ ಹೋಗಿ 2164 ಮೀಟರ್ ಎತ್ತರದ ಗ್ರಿಮ್ಸೆಲ್ ಪಾಸ್ ಹತ್ತಬೇಕು, ಇಲ್ಲಾಂದ್ರೆ ಪಶ್ಚಿಮಕ್ಕೆ ಜಿನೀವಾ ಸರೋವರದ ತುದಿವರೆಗೂ ಹೋಗಿ ಸುತ್ತಿ ಬರಬೇಕು. ಇವೆರಡೂ ಬೇಡ ಅನ್ನೋರಿಗೆ ಇರೋದೇ 14.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ಸುರಂಗ. ಕಾರನ್ನ ರೈಲಿನ ಮೇಲೆ ಹತ್ತಿಸಿ, ಕಾರೊಳಗೇ ಕೂತ್ಕೊಂಡು, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ಆಚೆ ಬದಿ.

ನಾವು ಹೊರಟಿದ್ದು ಝೂರಿಕ್‌ನಿಂದ, ಲುಸರ್ನ್ ದಾಟಿ, ಲುಂಗರ್ನ್ ಕೆರೆ ಪಕ್ಕದಲ್ಲಿ ಹಾದು 1008 ಮೀಟರಿನ ಬ್ರೂನಿಗ್ ಪಾಸ್ ಇಳಿದು ಬ್ರೀಂಜ್‌ಗೆ. ಬ್ರೀಂಜ್ ಮರದ ಕೆತ್ತನೆಗೆ ಹೆಸರಾದ ಊರು, ಕೆರೆ ದಂಡೆ ಮೇಲೆ ನಡೆಯೋಕೆ ಚೆನ್ನಾಗಿರೋ ದಾರಿ ಇದೆ, ಬೆಂಚ್ ಇದಾವೆ, ಅಮ್ಮ ಡಬ್ಬಿಗೆ ಹಾಕ್ಕೊಂಡು ಬಂದಿದ್ದ ಚಿತ್ರಾನ್ನ ಅಲ್ಲೇ ಖಾಲಿ ಆಯ್ತು. ಆ ನೀರಿನ ಬಣ್ಣ ಫೋಟೋದಲ್ಲಿ ನೋಡಿದಾಗ ಎಡಿಟ್ ಮಾಡಿದಾರೆ ಅನ್ನಿಸುತ್ತೆ, ಆದ್ರೆ ನಿಜಕ್ಕೂ ಹಂಗೇ ಇದೆ. ಗ್ಲೇಸಿಯರ್‌ಗಳು ಬಂಡೆನ ಅರೆದು ಮಾಡಿದ ಹಿಟ್ಟಿನಂಥ ಪುಡಿ ಆರೆ ನದಿ, ಲುಚೀನೆ ನದಿ ನೀರಲ್ಲಿ ತೇಲ್ಕೊಂಡು ಬಂದು ಬೆಳಕನ್ನ ಚದುರಿಸೋದ್ರಿಂದ ಆ ಹಸಿರು ಮಿಶ್ರಿತ ನೀಲಿ. ಆ ಪುಡಿ ಬಹಳಷ್ಟು ಬ್ರೀಂಜ್‌ನಲ್ಲೇ ತಳ ಸೇರೋದ್ರಿಂದ ಮುಂದಿನ ತೂನ್ ಸರೋವರದ ನೀರು ಇನ್ನೂ ತಿಳಿ. ಎರಡರ ನಡುವೆ ಇಂಟರ್‌ಲಾಕೆನ್, ಅಲ್ಲಿ ಜನ ಜಾಸ್ತಿ, ಪಾರ್ಕಿಂಗ್ ಕಷ್ಟ, ನಾವು ನಿಲ್ಲಿಸಲೇ ಇಲ್ಲ. ಅದ್ರ ಬದ್ಲು ಸ್ಪೀಟ್ಸ್‌ನಲ್ಲಿ ನಿಲ್ಲಿಸಿ, ಸರೋವರದ ದಂಡೆಗೇ ಒಂದು ಹಳೇ ಕೋಟೆ, ಹಿಂದೆ ದ್ರಾಕ್ಷಿ ತೋಟ, ಅರ್ಧ ದಿನ ಸುಮ್ನೆ ಕೂರಬಹುದು.

ಸ್ಪೀಟ್ಸ್‌ನಿಂದ ಕಾಂಡರ್‌ಸ್ಟೆಗ್‌ಗೆ ಸುಮಾರು ಅರ್ಧ ಗಂಟೆ, ಕಾಂಡರ್ ನದಿ ಪಕ್ಕಕ್ಕೇ ಏರ್ತಾ ಹೋಗೋ ರಸ್ತೆ. ಈ ನದಿ ಮುಂಚೆ ತೂನ್ ಸರೋವರಕ್ಕೆ ಸೇರ್ತಾನೇ ಇರ್ಲಿಲ್ಲ, ಪ್ರವಾಹದ ಕಾಟ ತಪ್ಪಿಸೋಕೆ ಅಂತ 1714ರಲ್ಲಿ ಬೆಟ್ಟ ಕೊರೆದು ಸರೋವರಕ್ಕೆ ತಿರುಗಿಸಿದ್ರು. ಮುನ್ನೂರು ವರ್ಷದ ಹಿಂದೆ ಕೈಯಲ್ಲಿ ಅಗೆದು ನದಿ ದಾರಿನೇ ಬದಲಾಯಿಸಿದ ಜನ ಆಮೇಲೆ ಬೆಟ್ಟದ ಕೆಳಗೆ ರೈಲು ಓಡಿಸಿದ್ರಲ್ಲಿ ಆಶ್ಚರ್ಯ ಇಲ್ಲ.

ಈಗ ಸರ್ವೀಸ್ ವಿಷಯಕ್ಕೆ ಬರ್ತೀನಿ. ಬುಕಿಂಗ್ ಬೇಕಾಗಿಲ್ಲ, ಕಾಂಡರ್‌ಸ್ಟೆಗ್ ಟರ್ಮಿನಲ್‌ಗೆ ಹೋಗಿ ಟೋಲ್ ಗೇಟ್ ಥರ ಇರೋ ಕಡೆ ದುಡ್ಡು ಕೊಟ್ಟು, ತೋರಿಸಿದ ಲೇನ್‌ನಲ್ಲಿ ನಿಂತ್ಕೊಂಡ್ರೆ ಆಯ್ತು. ಕಾರಿಗೆ 30 ಫ್ರಾಂಕ್ ಆಸುಪಾಸು ಅಂತ ಇಟ್ಕೊಳ್ಳಿ, ಒಳಗೆ ಎಷ್ಟು ಜನ ಕೂತಿದ್ರೂ ಬೆಲೆ ಕಾರಿಗೆ ಮಾತ್ರ, ಹಾಗಾಗಿ ಐದು ಜನ ಇರೋ ಫ್ಯಾಮಿಲಿಗೆ ಇದು ಈ ದೇಶದ ಲೆಕ್ಕದಲ್ಲಿ ನಿಜಕ್ಕೂ ಅಗ್ಗ. ಸಾಮಾನ್ಯವಾಗಿ ಅರ್ಧ ಗಂಟೆಗೊಂದು ರೈಲು, ಜನ ಜಾಸ್ತಿ ಇದ್ದಾಗ ಇನ್ನೂ ಬೇಗ ಬೇಗ ಬಿಡ್ತಾರೆ. ಸಮ್ಮರ್ ಶನಿವಾರ ಬೆಳಿಗ್ಗೆ ದಕ್ಷಿಣದ ಕಡೆ, ಭಾನುವಾರ ಸಂಜೆ ವಾಪಸ್ ಬರೋ ಕಡೆ ಕ್ಯೂ ಉದ್ದ ಇರುತ್ತೆ, ವಾರದ ಮಧ್ಯೆ ಹೋದ್ರೆ ಆರಾಮ.

ಹತ್ತಿಸೋದು ಕಷ್ಟನಾ ಅಂತ ಬಹಳ ಜನಕ್ಕೆ ಭಯ ಇರುತ್ತೆ. ಕಷ್ಟ ಇಲ್ಲ, ಆದ್ರೆ ಅವಸರ ಬೇಡ. ರೈಲಿನ ಮೇಲೆ ಒಂದು ಬೋಗಿಯಿಂದ ಇನ್ನೊಂದು ಬೋಗಿಗೆ ಕಾರ್ ಓಡಿಸ್ಕೊಂಡೇ ಮುಂದೆ ಹೋಗಬೇಕು, ಮೇಲೆ ಸೂರು ಇರುತ್ತೆ, ಪಕ್ಕದಲ್ಲಿ ಕಂಬಿ, ಅಗಲ ಕಮ್ಮಿ, ಚಕ್ರ ನೇರ ಇಟ್ಕೊಂಡು ನಿಧಾನಕ್ಕೆ ಮುಂದಿನ ಕಾರ್ ಹಿಂದೆ ಹೋಗಿ ನಿಲ್ಲಿಸೋದು, ಹ್ಯಾಂಡ್‌ಬ್ರೇಕ್ ಹಾಕೋದು, ಗೇರಲ್ಲಿ ಬಿಡೋದು, ಇಂಜಿನ್ ಆಫ್, ಲೈಟ್ ಆಫ್, ಇಳಿಯೋ ಹಾಗಿಲ್ಲ. ನಮ್ಮಪ್ಪ ಸುರತ್ಕಲ್ ಕಡೆಯವರು, ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನ ಹೊತ್ಕೊಂಡು ಹೋಗೋ ರೋ-ರೋ ರೈಲನ್ನ ಅಲ್ಲಿ ನೋಡಿನೇ ಬೆಳಗ್ಗೆ ವಾಕಿಂಗ್ ಮುಗಿಸ್ತಿದ್ದವರು, ಈಗ ತಾವೇ ಆ ಲಾರಿ ಜಾಗದಲ್ಲಿ ಕೂತಿದ್ದು ಅವರಿಗೆ ಎಷ್ಟು ಖುಷಿ ಅಂದ್ರೆ ಊರಿಗೆ ಫೋನ್ ಮಾಡಿ ಮೊದಲು ಹೇಳಿದ್ದೇ ಈ ಸುದ್ದಿ.

ಸುರಂಗದೊಳಗೆ ಪೂರ್ತಿ ಕತ್ತಲೆ, ಗಾಳಿ ಶಬ್ದ ಜೋರು, ಕಾರ್ ಸಣ್ಣಗೆ ಅಲುಗಾಡ್ತಿರುತ್ತೆ. ಸಣ್ಣ ಮಕ್ಕಳಿಗೆ ಮುಂಚೆನೇ ಹೇಳಿಡಿ. ದೊಡ್ಡವರು ಆ ಕತ್ತಲೆಯಲ್ಲಿ ನೆನಪು ಮಾಡ್ಕೋಬೇಕಾದ ಒಂದು ವಿಷಯ ಇದೆ. ಈ ಸುರಂಗ ಮೊದಲು ಸೀಳಿದ ಹಾಗೆ ನೇರ ಇರಬೇಕಿತ್ತು. 1908ರ ಜುಲೈ 24ರಂದು ಗಾಸ್ಟರ್ನ್ ಕಣಿವೆ ಕೆಳಗೆ ತೋಡ್ತಿದ್ದಾಗ, ಮೇಲೆ ಗಟ್ಟಿ ಬಂಡೆ ಇದೆ ಅಂದ್ಕೊಂಡಿದ್ದ ಜಾಗದಲ್ಲಿ ಜಲ್ಲಿ, ಮಣ್ಣು, ನೀರು ತುಂಬಿತ್ತು, ಅದೆಲ್ಲ ಒಟ್ಟಿಗೆ ಒಳಗೆ ನುಗ್ಗಿ 25 ಜನ ಕೆಲಸಗಾರರು ಸತ್ತುಹೋದ್ರು. ಆ ಭಾಗಕ್ಕೆ ಗೋಡೆ ಕಟ್ಟಿ ಬಿಟ್ಟು, ಕಣಿವೆ ಸುತ್ತಿಕೊಂಡು ಬಾಗಿಸಿ ತೋಡಿದ್ರು, 1913ಕ್ಕೆ ರೈಲು ಓಡ್ತು. ಆ ಕೆಲಸಗಾರರಲ್ಲಿ ಬಹಳಷ್ಟು ಜನ ಇಟಲಿಯಿಂದ ಕೂಲಿಗೆ ಬಂದಿದ್ದವರು. ಇವತ್ತು ನಾವು ಕಾರಲ್ಲಿ ಕೂತು ಬಿಸ್ಕೆಟ್ ತಿಂತಾ ದಾಟೋ ದಾರಿ ಅವರು ಮಾಡಿಕೊಟ್ಟಿದ್ದು. 2007ರಿಂದ ವೇಗದ ಪ್ಯಾಸೆಂಜರ್ ರೈಲುಗಳು ಇನ್ನೂ ಕೆಳಗಿರೋ 34.6 ಕಿಲೋಮೀಟರಿನ ಹೊಸ ಸುರಂಗದಲ್ಲಿ ಹೋಗ್ತವೆ, ಕಾರ್‌ಗಳು ಮಾತ್ರ ಈಗಲೂ ಈ ಹಳೇ ಸುರಂಗದಲ್ಲೇ.

ಆಚೆ ಬದಿ ಗೊಪ್ಪೆನ್‌ಸ್ಟೈನ್, ಇಕ್ಕಟ್ಟಾದ ಕಮರಿ. ಎಡಕ್ಕೆ ತಿರುಗಿದ್ರೆ ಲೋಚೆನ್‌ಟಾಲ್ ಕಣಿವೆ, ಅದೇ ಕಣಿವೆಯ ಬ್ಲಾಟ್ಟೆನ್ ಅನ್ನೋ ಊರು 2025ರ ಮೇ 28ಕ್ಕೆ ಬಿರ್ಚ್ ಗ್ಲೇಸಿಯರ್ ಕುಸಿದು ಹೆಚ್ಚೂಕಮ್ಮಿ ಪೂರ್ತಿ ಮುಚ್ಚಿಹೋಯ್ತು. ಅಪಾಯ ಗೊತ್ತಾಗಿ ಸುಮಾರು 300 ಜನರನ್ನ ಮುಂಚೆನೇ ಖಾಲಿ ಮಾಡಿಸಿದ್ರಿಂದ ಅವರ ಜೀವ ಉಳೀತು, ಆದ್ರೂ ಒಬ್ಬರು ಸತ್ತುಹೋದ್ರು. ಹೋಗೋದಾದ್ರೆ ಕೆಳಗಿನ ಊರುಗಳಲ್ಲಿ ಊಟ ಮಾಡಿ, ಉಳ್ಕೊಳ್ಳಿ, ಅವರಿಗೆ ವ್ಯಾಪಾರ ಬೇಕು, ಆದ್ರೆ ಆ ಕಲ್ಲುಮಣ್ಣಿನ ರಾಶಿ ಮುಂದೆ ಸೆಲ್ಫಿ ತಗೋಳೋದು ದಯವಿಟ್ಟು ಬೇಡ, ಅದು ಜನರ ಮನೆ.

ಬಲಕ್ಕೆ ಇಳಿದ್ರೆ ರೋನ್ ಕಣಿವೆ, ಇಲ್ಲಿ ಹವಾಮಾನನೇ ಬೇರೆ. ಸ್ವಿಟ್ಜರ್ಲೆಂಡ್‌ನಲ್ಲೇ ಮಳೆ ಕಮ್ಮಿ ಬೀಳೋ ಜಾಗಗಳಲ್ಲಿ ಇದೂ ಒಂದು, ಕಾಂಡರ್‌ಸ್ಟೆಗ್‌ನಲ್ಲಿ ಮೋಡ ಇದ್ರೂ ಈ ಕಡೆ ಎಷ್ಟೋ ಸಲ ಬಿಸಿಲು. ಮಳೆ ಕಮ್ಮಿ ಅಂತ್ಲೇ ಗ್ಲೇಸಿಯರ್ ನೀರನ್ನ ಬೆಟ್ಟದ ಬದಿಗೆ ಕಾಲುವೆ ಮಾಡಿ ಶತಮಾನಗಳಿಂದ ಹೊಲಕ್ಕೆ ತರ್ತಾರೆ, ಆ ಕಾಲುವೆ ಪಕ್ಕದ ಕಾಲುದಾರಿಗಳು ಹೆಚ್ಚು ಏರಿಳಿತ ಇಲ್ಲದೆ ಇರೋದ್ರಿಂದ ಅಪ್ಪ ಅಮ್ಮನ ಮಂಡಿಗೂ ಆಗುತ್ತೆ. ಜುಲೈನಲ್ಲಿ ಸಿಯೋಂ ಕಡೆ ಹೋದ್ರೆ ರಸ್ತೆ ಬದಿಯಲ್ಲಿ ಏಪ್ರಿಕಾಟ್ ಮಾರ್ತಾರೆ, ತಗೊಳ್ಳಿ, ಅಂಗಡಿಯಲ್ಲಿ ಸಿಗೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಪೂರ್ವಕ್ಕೆ ಬ್ರಿಗ್ ದಾಟಿ ಗೋಮ್ಸ್ ಕಣಿವೆಗೆ ಹೋದ್ರೆ ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಪಕ್ಕದಲ್ಲೇ ಕಣಜ, ಕಣಜದ ಕಂಬಕ್ಕೂ ಮೇಲಿನ ಕೋಣೆಗೂ ಮಧ್ಯೆ ಒಂದೊಂದು ದುಂಡು ಚಪ್ಪಡಿ ಕಲ್ಲು, ಇಲಿ ಹತ್ತಬಾರದು ಅಂತ. ಅಮ್ಮ ಅದನ್ನ ನೋಡಿದ ತಕ್ಷಣ ಯಾಕೆ ಅಂತ ಹೇಳಿಬಿಟ್ರು, ನಮಗೆ ಬೋರ್ಡ್ ಓದೋದು ಬೇಕಾಯ್ತು.

ವಾಪಸ್ ಬರೋವಾಗ ನಾವು ಗ್ರಿಮ್ಸೆಲ್ ಮೇಲೆ ಬಂದ್ವಿ. ನೋಟ ಅದ್ಭುತ, ಸುಳ್ಳು ಹೇಳಲ್ಲ, ಆದ್ರೆ ಹೇರ್‌ಪಿನ್ ತಿರುವುಗಳಲ್ಲಿ ಅಮ್ಮನಿಗೆ ತಲೆ ಸುತ್ತಿ ಎರಡು ಕಡೆ ನಿಲ್ಲಿಸಬೇಕಾಯ್ತು. ಚಾರ್ಮಾಡಿ ಘಾಟಿಯಲ್ಲಿ ನಿಂಬೆಹಣ್ಣು ಹಿಡ್ಕೊಂಡು ಕೂರೋರು ನಿಮ್ಮನೇಲಿದ್ರೆ ಎರಡೂ ಕಡೆ ರೈಲೇ ಹಿಡೀರಿ. ಘಾಟಿ ಹತ್ತೋರಿಗೆ ಒಂದೆರಡು ಮಾತು: ಗ್ರಿಮ್ಸೆಲ್ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ತನಕ ಮಾತ್ರ ತೆರೆದಿರುತ್ತೆ, ಹೊರಡೋ ಮುಂಚೆ ನೋಡ್ಕೊಳ್ಳಿ. ಹಳದಿ ಪೋಸ್ಟ್ ಬಸ್ ಎದುರಿಗೆ ಬಂದ್ರೆ ದಾರಿ ಬಿಡಿ, ಡ್ರೈವರ್ ಹೇಳಿದ ಹಾಗೆ ಕೇಳಿ. ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡಿರದೆ ಕಮ್ಮಿ ಗೇರ್‌ನಲ್ಲಿ ಇಳೀರಿ. ಮತ್ತೆ ಮೋಟರ್‌ವೇಗೆ 40 ಫ್ರಾಂಕಿನ ವಿನ್ಯೆಟ್ ಅನ್ನೋ ಟೋಲ್ ಪರ್ಮಿಟ್ ಬೇಕೇ ಬೇಕು, ಇಲ್ಲಿಯ ಬಾಡಿಗೆ ಕಾರಲ್ಲಿ ಇರುತ್ತೆ, ಜರ್ಮನಿಯಿಂದಲೋ ಇಟಲಿಯಿಂದಲೋ ಕಾರ್ ತಗೊಂಡು ಬರೋರು ಗಡಿ ದಾಟೋ ಮುಂಚೆ ಆನ್‌ಲೈನ್‌ನಲ್ಲೇ ತಗೊಂಡುಬಿಡಿ.