ಸಿಲ್ವರ್ ಮರಕ್ಕೆ ದರ ಒಳ್ಳೆಯದೇ ಸಿಕ್ಕಿತು, ದುಡ್ಡು ಹೋದದ್ದು ಅಳತೆಯಲ್ಲಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕುಟುಂಬದ ಕಾಫಿ ತೋಟಗಳಲ್ಲಿ ಹಿಂದಿನ ತಲೆಮಾರು ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಈಗ ಕಡಿಯುವ ಹದಕ್ಕೆ ಬಂದಿದೆ. ಕೊಯ್ಲು ಮುಗಿಯುತ್ತಿದ್ದಂತೆ ಮರದ ವ್ಯಾಪಾರಿಗಳು ಬರತೊಡಗುತ್ತಾರೆ. ಅಂಥ ಒಂದು ಜಂಟಿ ತೋಟದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮರ ಮಾರುವ ಯೋಚನೆಯಲ್ಲಿರುವವರು ಮುಂಗಡ ಪಡೆಯುವ ಮೊದಲೇ ಓದಿಕೊಳ್ಳಿ.

ಆ ಮನೆಯವರು ಕಣ್ಣಂದಾಜಿನ ಒಟ್ಟು ಬೆಲೆಗೆ ಒಪ್ಪಲಿಲ್ಲ. ಘನ ಅಡಿಗೆ ಇಷ್ಟು ಎಂದೇ ಮಾತಾಡಿದರು. ದರ ಸುತ್ತಮುತ್ತಲಿನವರಿಗೆ ಸಿಕ್ಕಿದ್ದಕ್ಕಿಂತ ಒಂದು ಕೈ ಮೇಲೇ ಇತ್ತು. ಕರಾರು ಪತ್ರವೂ ಆಯಿತು. ಆದರೆ ಅದರಲ್ಲಿ ದರವಿತ್ತೇ ಹೊರತು ಅಳೆಯುವುದು ಹೇಗೆ ಎಂಬುದಿರಲಿಲ್ಲ. ನಷ್ಟವೆಲ್ಲ ಆದದ್ದು ಅಲ್ಲಿಯೇ.

ನಮ್ಮಲ್ಲಿ ದಿಮ್ಮಿಯ ಲೆಕ್ಕ ಕಾಲು ಸುತ್ತಳತೆಯದು. ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಮತ್ತೆ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಅಂದರೆ 10 ಘನ ಅಡಿ. ಅದೇ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ 12.7 ಘನ ಅಡಿ. ಇದು ಪದ್ಧತಿಯಲ್ಲೇ ಇರುವ ಕಡಿತ, ಎಲ್ಲರಿಗೂ ಗೊತ್ತಿರುವಂಥದ್ದು, ದರವೂ ಅದಕ್ಕೆ ಹೊಂದಿಕೊಂಡೇ ನಿಂತಿರುತ್ತದೆ. ಗೊತ್ತಿಲ್ಲದೆ ಆಗುವ ಕಡಿತಗಳೇ ಬೇರೆ.

ಸುತ್ತಳತೆ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಟೇಪಿನಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ದುಡ್ಡಿನಲ್ಲಿ ಸಣ್ಣದಲ್ಲ. 48 ಇಂಚನ್ನು 44 ಎಂದು ಬರೆದರೆ 10 ಘನ ಅಡಿ 8.4ಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಹೊಡೆತ ಟೇಪು ಎಲ್ಲಿ ಸುತ್ತುತ್ತಾರೆ ಎಂಬುದರದು. ಬುಡದಲ್ಲಿ 60, ತುದಿಯಲ್ಲಿ 36 ಇಂಚಿರುವ 20 ಅಡಿಯ ದಿಮ್ಮಿಯನ್ನು ನಡುವಿನಲ್ಲಿ ಅಳೆದರೆ 48 ಇಂಚು, ಅಂದರೆ 20 ಘನ ಅಡಿ. ತುದಿಯಲ್ಲಿ ಅಳೆದರೆ 11.25 ಮಾತ್ರ. ಆ ತೋಟದಲ್ಲಿ ವ್ಯಾಪಾರಿಯ ಕಡೆಯವರು ಅಳೆದದ್ದು ತುದಿಯಲ್ಲಿ. ಕೇಳಿದ್ದಕ್ಕೆ ‘ಎಲ್ಲ ಕಡೆ ಹೀಗೇ’ ಎಂಬ ಉತ್ತರ ಬಂತು. ಉದ್ದದಲ್ಲೂ ಅಷ್ಟೇ, ಒಂಬತ್ತೂಮುಕ್ಕಾಲು ಅಡಿಯನ್ನು ಒಂಬತ್ತೆಂದೇ ಬರೆದುಕೊಂಡರು. ಇವೆಲ್ಲ ಒಟ್ಟುಗೂಡಿದರೆ ಹೆಚ್ಚಿನ ದರಕ್ಕೆ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ಕರಾರಿನಲ್ಲಿ ಇಷ್ಟು ಇರಲೇಬೇಕು: ಸುತ್ತಳತೆ ದಿಮ್ಮಿಯ ನಡುವಿನಲ್ಲಿ, ತೊಗಟೆ ಸೇರಿಸಿಯೋ ತೆಗೆದೋ ಎಂಬುದು, ಅರ್ಧ ಅಡಿಯನ್ನೂ ಅರ್ಧ ಇಂಚನ್ನೂ ಬಿಡದೆ ಬರೆಯುವುದು, ಎಷ್ಟು ಇಂಚು ಸುತ್ತಳತೆಯವರೆಗೆ ನಾಟಾ (ಕೊಯ್ದು ಬಳಸುವ ಮರ) ಮತ್ತು ಎಲ್ಲಿಂದ ಕೆಳಗೆ ಸೌದೆ, ಆ ಸೌದೆ ಯಾರದು. ಕಡಿಯುವ ಮುನ್ನ ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕಿ, ಎದೆಮಟ್ಟದ ಸುತ್ತಳತೆ ಬರೆದಿಡಿ. ಕಡಿದ ಮೇಲೆ ಅದೇ ನಂಬರ್ ಬುಡದ ಮೇಲೂ ದಿಮ್ಮಿಯ ಮೇಲೂ ಬರಲಿ. ನಂಬರಿಲ್ಲದ ಬುಡ ಕಂಡರೆ ಆ ದಿನವೇ ಕೇಳಬಹುದು. ಅಳೆಯುವಾಗ ನಿಮ್ಮ ಟೇಪು, ನಿಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಇರಲಿ. ಸಂಜೆ ಅಳತೆ ಪಟ್ಟಿಯ ಎರಡು ಪ್ರತಿಗೂ ಇಬ್ಬರ ಸಹಿ ಬೀಳಲಿ. ಟನ್ ಲೆಕ್ಕದ ವ್ಯಾಪಾರವಾದರೆ ಕಡಿದ ಮರ ತೋಟದಲ್ಲಿ ಬಿದ್ದಿರಲು ಬಿಡಬೇಡಿ. ಹಸಿ ಮರ ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ, ಆ ತೂಕ ನಿಮ್ಮದು.

ಇನ್ನೊಂದು ಅನಾಹುತ ಲಾರಿ ಹೋದ ಮೇಲೆ ಗೊತ್ತಾಯಿತು. ವ್ಯಾಪಾರಿಗೆ ದಪ್ಪ ಮರವೇ ಬೇಕು, ಆರಿಸಿ ಒಂದೇ ಕಡೆ ಕಡಿದ. ಅರೇಬಿಕಾ ಕಾಫಿಯ ಬ್ಲಾಕಿನ ಮೇಲೆ ನೇರ ಬಿಸಿಲು ಬಿತ್ತು. ನೆರಳು ಹೋದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳು ಬೇಗ ಹತ್ತುತ್ತದೆ, ಹತ್ತಿದ ಗಿಡವನ್ನು ಕಿತ್ತು ಸುಡುವುದು ಬಿಟ್ಟರೆ ದಾರಿಯಿಲ್ಲ. ಮರದಿಂದ ಬಂದದ್ದನ್ನು ಮರುನಾಟಿಗೆ ಸುರಿಯಬೇಕಾಗುತ್ತದೆ. ಕಡಿಯುವ ಮರಗಳನ್ನು ನೀವೇ ಗುರುತಿಸಿ, ತೋಟವಿಡೀ ಹರಡಿದಂತೆ, ಹಲವು ವರ್ಷಗಳಿಗೆ ಹಂಚಿ. ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಕೆಲಸ ಮುಗಿಯಲಿ. ಮೊದಲು ಕೊಂಬೆ ಇಳಿಸಿ, ಹಗ್ಗ ಕಟ್ಟಿ ಬೀಳಿಸಬೇಕು, ಮುರಿದ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಇಷ್ಟು ಪರಿಹಾರ ಎಂದು ಮೊದಲೇ ಬರೆಸಿ. ಬಳ್ಳಿ ಹಬ್ಬಿದ ಮರವನ್ನು ಮಾರುವುದೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಕಾಗದಪತ್ರದ ವಿಷಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಬೀಟೆ, ತೇಗ, ಹೆಬ್ಬಲಸಿಗೆ ಬೇಕು. ಸಿಲ್ವರ್ ನಡುವೆ ಇಂಥ ಎರಡು ಮರ ಉರುಳಿದರೂ ಕೇಸು ಜಮೀನಿನವರ ಮೇಲೂ ಬರುತ್ತದೆ. ಕೊಡಗಿನಲ್ಲಿ ಜಮೀನು ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ನೋಡಿಕೊಳ್ಳಿ. ಅನ್‌ರಿಡೀಮ್ಡ್ ಆಗಿದ್ದರೆ ಕಾಡುಮರದ ಮೇಲಿನ ಹಕ್ಕು ಸರ್ಕಾರದ್ದು. ಜಂಟಿ ಆಸ್ತಿಯಲ್ಲಿ ಪಾಲುದಾರರೆಲ್ಲರ ಸಹಿ ಮುಂಗಡಕ್ಕೆ ಮೊದಲೇ ಆಗಲಿ. ಒಬ್ಬರು ತಕರಾರು ತೆಗೆದರೆ ಕಡಿದ ದಿಮ್ಮಿ ಮಳೆಗಾಲವಿಡೀ ಅಲ್ಲೇ ಕೊಳೆಯುತ್ತದೆ.

ಹಣ ಖಾತೆಗೆ ಬಂದ ಮೇಲೆ ಲೋಡ್ ಹೊರಡಲಿ. ಮುಂಗಡವನ್ನು ಮೊದಲ ಲೋಡಿಗೆ ವಜಾ ಮಾಡಿಕೊಡಬೇಡಿ, ಕೊನೆಯ ಲೋಡಿಗೆ ಉಳಿಸಿಕೊಳ್ಳಿ. ಆ ತೋಟದವರು ಮೊದಲೇ ಕಳೆದುಕೊಟ್ಟಿದ್ದರು. ಕೊನೆಯ ಎರಡು ಲಾರಿಯ ಬಾಕಿ ಈಗಲೂ ಬಂದಿಲ್ಲ.